ಹೊಲಿಗೆ ಗುರುತಿಗೆ ಸಿಬಿಡಿ ಮುಲಾಮು: ವರ್ಷಕ್ಕೂ ಮೇಲ್ಪಟ್ಟ ಬಳಕೆಯ ನಂತರ

ಆಪರೇಷನ್ ಗುರುತು ಮಾಸಲೆಂದು, ಭಂಗಿ ಗಿಡದ ಅಂಶವಾದ ಸಿಬಿಡಿ ಬೆರೆಸಿದ ಮುಲಾಮು ತರಿಸುವ ಯೋಚನೆಯಲ್ಲಿರುವವರಿಗೆ ನನ್ನ ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ. ನವೆಗೆ ಅದು ಆಗಿಬಂತು. ಐದಕ್ಕೆ ಮೂರು ಅಂಕ ಕೊಡುತ್ತೇನೆ. ಗುರುತಿನ ಬಣ್ಣ, ಉಬ್ಬು, ಗಡಸುತನ ಈ ಮೂರರ ಮೇಲೂ ಅದರಿಂದ ಆದ ಉಪಕಾರ ನನ್ನ ಕಣ್ಣಿಗಾಗಲಿ ಬೆರಳಿಗಾಗಲಿ ಸಿಗಲಿಲ್ಲ. ಅಲ್ಲಿ ಒಂದೇ ಅಂಕ.

ಹಿಂದಿನ ವರ್ಷ ಮಳೆಗಾಲದಲ್ಲಿ ಬನಶಂಕರಿಯ ತಿರುವೊಂದರಲ್ಲಿ ಸ್ಕೂಟರ್ ಜಾರಿ ನನ್ನ ಎಡ ಮೇಲ್ತೋಳಿನ ಮೂಳೆ ಮುರಿಯಿತು. ಪ್ಲೇಟು, ಸ್ಕ್ರೂ ಹಾಕಿ ಕೂಡಿಸಿದರು. ಮೂಳೆ ಚೆನ್ನಾಗಿ ಕೂಡಿಕೊಂಡಿತು. ಆದರೆ ಭುಜದ ಕೆಳಗಿನಿಂದ ಮೊಣಕೈಯ ಸಮೀಪದವರೆಗೆ ಉದ್ದನೆಯ ಗೀಟು ಉಳಿಯಿತು. ಹೊಲಿಗೆ ಬಿಚ್ಚಿದಾಗ ತೆಳ್ಳಗಿದ್ದದ್ದು ಕೆಲವು ವಾರಗಳಲ್ಲಿ ಕೆಂಗಂದು ಬಣ್ಣಕ್ಕೆ ತಿರುಗಿ, ಚರ್ಮದಡಿಯಲ್ಲಿ ಹುರಿಹಗ್ಗ ಇಟ್ಟಂತೆ ಉಬ್ಬಿಕೊಂಡಿತು. ರವಿಕೆಯ ತೋಳಿನ ಅಂಚು ತಾಗಿದರೂ ಸಾಕು, ನವೆ ಏಳುತ್ತಿತ್ತು. ಭುಜ, ಮೇಲ್ತೋಳು, ಎದೆಯ ಮಧ್ಯಭಾಗಗಳಲ್ಲಿ ಗುರುತುಗಳು ಹೀಗೆ ಉಬ್ಬುವುದು ಸಾಮಾನ್ಯ, ನಮ್ಮಂಥ ಕಂದು ಮೈಬಣ್ಣದವರಲ್ಲಿ ಇನ್ನೂ ಹೆಚ್ಚು ಎಂದು ಚರ್ಮವೈದ್ಯರು ವಿವರಿಸಿದರು. ಗಾಯದ ಗಡಿಯೊಳಗೇ ಉಬ್ಬಿದರೆ ಅದು ಹೈಪರ್‌ಟ್ರೋಫಿಕ್ ಗುರುತು. ಗಡಿ ದಾಟಿ ಸುತ್ತಲಿನ ಒಳ್ಳೆಯ ಚರ್ಮಕ್ಕೂ ಹಬ್ಬಿದರೆ ಕೀಲಾಯ್ಡ್. ನನ್ನದು ಮೊದಲನೆಯದು.

ಸಿಬಿಡಿ ಎಂದರೆ ಕ್ಯಾನಬಿಡಿಯಾಲ್, ನಮ್ಮಲ್ಲಿ ಭಂಗಿ ಎಂದು ಕರೆಯುವ ಗಿಡದಲ್ಲಿರುವ ಒಂದು ಅಂಶ. ಅಮಲೇರಿಸುವುದು ಅದೇ ಗಿಡದ ಟಿಎಚ್‌ಸಿ, ಸಿಬಿಡಿ ಅಲ್ಲ. ಆದರೂ ಹೆಸರು ಕೇಳಿದೊಡನೆ ನಮ್ಮ ಅತ್ತೆಯವರು ಗಾಬರಿಯಾದರು. "ಪೊಲೀಸರು ಬಂದು ಕೇಳಿದರೆ ಏನು ಹೇಳುತ್ತೀಯಮ್ಮ?" ಎಂದರು. ಅವರ ಭಯಕ್ಕೆ ಆಧಾರವಿಲ್ಲದಿಲ್ಲ. 1985ರ ಮಾದಕವಸ್ತು ಕಾಯ್ದೆ ಈ ಗಿಡದ ಹೂತುದಿಯನ್ನು ಗಾಂಜಾ ಎಂದೂ ಅಂಟನ್ನು ಚರಸ್ ಎಂದೂ ಗುರುತಿಸುತ್ತದೆ. ಹೂತುದಿಯ ಜೊತೆ ಸೇರದ ಎಲೆ ಮತ್ತು ಬೀಜ ಮಾತ್ರ ಗಾಂಜಾದ ಆ ವ್ಯಾಖ್ಯೆಯಿಂದ ಹೊರಗಿವೆ. ಆ ಎಡೆಯಿಂದಲೇ ಎಲೆಯ ಸಾರದ ಔಷಧಗಳು ವಿಜಯಾ ಎಂಬ ಆಯುರ್ವೇದದ ಹೆಸರಿನಲ್ಲಿ, ಆಯುಷ್ ಪರವಾನಗಿ ಪಡೆದು ಮಾರಾಟಕ್ಕೆ ಬರುತ್ತವೆ. ನಾನು ತರಿಸಿದ ಕಂಪನಿಯವರು ಫೋನಿನಲ್ಲಿ ಆಯುರ್ವೇದ ವೈದ್ಯರೊಬ್ಬರೊಂದಿಗೆ ಮಾತನಾಡಿಸಿ, ಔಷಧ ಚೀಟಿ ಬರೆಸಿದ ಮೇಲೆಯೇ ಡಬ್ಬಿ ಕಳುಹಿಸಿದರು. ಪರವಾನಗಿ ಸಂಖ್ಯೆ, ತಯಾರಿಕೆಯ ಬ್ಯಾಚ್ ಸಂಖ್ಯೆ ಡಬ್ಬಿಯ ಮೇಲಿದ್ದವು. ಇವೆರಡೂ ಇಲ್ಲದ ಡಬ್ಬಿಯನ್ನು ದಯವಿಟ್ಟು ಕೊಳ್ಳಬೇಡಿ.

ಇನ್ನೊಂದು ಎಚ್ಚರಿಕೆ ಇಲ್ಲಿಯೇ ಹೇಳಬೇಕು. ಅಂಗಡಿಗಳಲ್ಲಿ ಐದು ಬೆರಳಿನ ಎಲೆಯ ಚಿತ್ರ ಹಾಕಿದ ಹೆಂಪ್, ಅಂದರೆ ಇದೇ ಜಾತಿಯ ಗಿಡದ, ಬೀಜದ ಎಣ್ಣೆ ಸಿಗುತ್ತದೆ. ಹೆಂಪ್ ಬೀಜ, ಅದರ ಎಣ್ಣೆ ಮತ್ತು ಹಿಟ್ಟನ್ನು ಆಹಾರವಾಗಿ ಮಾರಲು ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2021ರಲ್ಲಿ ಅವಕಾಶ ಕೊಟ್ಟಿತು. ಚಟ್ನಿಪುಡಿಗೆ ಕಲಸಿಕೊಳ್ಳಲು ಅದು ಒಳ್ಳೆಯದೇ ಇರಬಹುದು, ಆದರೆ ಬೀಜದ ಎಣ್ಣೆಯಲ್ಲಿ ಸಿಬಿಡಿ ಇಲ್ಲವೆನ್ನುವಷ್ಟು ಕಡಿಮೆ. ಗುರುತಿಗೆ ಹಚ್ಚಲು ಅದನ್ನು ಸಿಬಿಡಿ ಎಂದುಕೊಂಡು ಹಣ ಕೊಡುವುದು ಬೇಡ.

ಚರ್ಮವೈದ್ಯರಿಗೆ ಡಬ್ಬಿ ತೋರಿಸಿದಾಗ ಅವರು ಬೇಡವೆನ್ನಲಿಲ್ಲ. "ಹಚ್ಚಿ ನೋಡಿ. ಇಡೀ ಗುರುತಿಗೆ ಮಾತ್ರ ಹಚ್ಚಬೇಡಿ. ಒಂದು ಭಾಗ ಬಿಡದಿದ್ದರೆ ಮುಲಾಮು ಕೆಲಸ ಮಾಡಿತೋ ಕಾಲವೇ ಮಾಡಿತೋ ಗೊತ್ತಾಗುವುದು ಹೇಗೆ?" ಎಂದರು. ಈ ವಿಮರ್ಶೆಗೆ ಏನಾದರೂ ಬೆಲೆ ಇದ್ದರೆ ಅದು ಅವರ ಈ ಮಾತಿನಿಂದ ಬಂದದ್ದು. ಏಕೆಂದರೆ ಗುರುತು ಸುಮ್ಮನಿದ್ದರೂ ಬದಲಾಗುತ್ತಲೇ ಇರುತ್ತದೆ. ಗಾಯ ಮುಚ್ಚುವಾಗ ದೇಹ ಅವಸರದಲ್ಲಿ ಹಾಕಿದ ಕಾಲಜನ್ ನಾರನ್ನು ತೆಗೆದು, ಗಟ್ಟಿ ಜಾತಿಯ ನಾರನ್ನು ಜೋಡಿಸುವ ಕೆಲಸ ಒಂದು ವರ್ಷ, ಕೆಲವೊಮ್ಮೆ ಒಂದೂವರೆ ವರ್ಷ ನಡೆಯುತ್ತದೆ. ಆ ಅವಧಿಯಲ್ಲಿ ನೀವು ಏನೇ ಹಚ್ಚಿದರೂ ಗುರುತು ಸಾಮಾನ್ಯವಾಗಿ ಮೊದಲಿಗಿಂತ ಮಾಸುತ್ತದೆ, ಹೆಸರು ಮಾತ್ರ ಡಬ್ಬಿಗೆ ಹೋಗುತ್ತದೆ.

ಹಾಗಾಗಿ ಗೀಟನ್ನು ಮೂರು ಭಾಗ ಮಾಡಿಕೊಂಡೆ. ಮೇಲಿನದಕ್ಕೆ ಸಿಬಿಡಿ ಮುಲಾಮು. ಆ ಮುಲಾಮಿನ ಮೂಲದ್ರವ್ಯ ಕೊಬ್ಬರಿ ಎಣ್ಣೆ ಮತ್ತು ಜೇನುಮೇಣವಾದ್ದರಿಂದ, ನಡುವಿನ ಭಾಗಕ್ಕೆ ಬರಿಯ ಕೊಬ್ಬರಿ ಎಣ್ಣೆ. ಕೆಳಗಿನದಕ್ಕೆ ಔಷಧಿ ಅಂಗಡಿಯ ಸಿಲಿಕೋನ್ ಜೆಲ್. ಹೆಪ್ಪುಗಟ್ಟಿದ ಹಕ್ಕಳೆಯೆಲ್ಲ ಉದುರಿ, ಚರ್ಮ ಪೂರ್ತಿ ಮುಚ್ಚಿದ ಮೇಲೆಯೇ ಶುರುಮಾಡಿದ್ದು. ಹಸಿ ಗಾಯಕ್ಕೆ ಈ ಯಾವುದನ್ನೂ ಹಚ್ಚಬಾರದು. ಮೇಲಿನ ಎರಡು ಭಾಗಗಳನ್ನು ಬೆಳಿಗ್ಗೆ ಮತ್ತು ರಾತ್ರಿ ಹೆಬ್ಬೆರಳಿನಿಂದ ಒತ್ತಿ, ಗೀಟಿಗೆ ಅಡ್ಡಲಾಗಿ ಮತ್ತು ಸುತ್ತುಸುತ್ತಾಗಿ ಒಂದೇ ಸಮನೆ ತಿಕ್ಕುತ್ತಿದ್ದೆ. ತಿಂಗಳಿಗೊಮ್ಮೆ ಒಂದೇ ಕಿಟಕಿಯ ಬಳಿ ಕುಳಿತು, ಅಳತೆಪಟ್ಟಿ ಪಕ್ಕಕ್ಕಿಟ್ಟು ಮಗಳಿಂದ ಫೋಟೊ ತೆಗೆಸುತ್ತಿದ್ದೆ. ಭುಜದ ಸಮೀಪ ಚರ್ಮದ ಎಳೆತ ಹೆಚ್ಚಾದ್ದರಿಂದ ಮೇಲಿನ ಭಾಗಕ್ಕೆ ಅನ್ಯಾಯವಾಗಬಾರದೆಂದು ಅರ್ಧ ವರ್ಷದ ಆಸುಪಾಸಿನಲ್ಲಿ ಮುಲಾಮು ಮತ್ತು ಎಣ್ಣೆಯ ಜಾಗ ಅದಲುಬದಲು ಮಾಡಿದೆ.

ನವೆಯ ವಿಷಯದಲ್ಲಿ ವ್ಯತ್ಯಾಸ ಮೊದಲ ವಾರದಿಂದಲೇ ಗೊತ್ತಾಯಿತು. ಡಿಸೆಂಬರ್‌ನ ಒಣ ಚಳಿಯಲ್ಲಿ ರಾತ್ರಿ ಹೊದಿಕೆ ತಾಗಿದೊಡನೆ ಗೀಟಿನ ಉದ್ದಕ್ಕೂ ಚುಮುಚುಮು ಶುರುವಾಗುತ್ತಿತ್ತು. ಮುಲಾಮು ಹಚ್ಚಿದ ಭಾಗ ಬೇಗ ತಣಿಯುತ್ತಿತ್ತು, ಎಣ್ಣೆ ಹಚ್ಚಿದ ಕಡೆ ಉಗುರು ಹೋಗದಂತೆ ಕೈ ಬಿಗಿಹಿಡಿಯಬೇಕಾಗುತ್ತಿತ್ತು. ಜಾಗ ಬದಲಿಸಿದ ಮೇಲೆ ಉಪಶಮನವೂ ಮುಲಾಮಿನ ಜೊತೆಯಲ್ಲೇ ಜಾಗ ಬದಲಿಸಿತು. ನಿದ್ದೆಗೆಟ್ಟವರಿಗೆ ಇದು ಸಣ್ಣ ಮಾತಲ್ಲ. ಆದರೆ ಲೇಬಲ್ ಪೂರ್ತಿ ಓದಿದರೆ ಅದರಲ್ಲಿ ಮೆಂಥಾಲ್ ಕೂಡ ಇದೆ. ತಂಪು ಹುಟ್ಟಿಸಿ ನವೆ ಮರೆಸುವುದು ಮೆಂಥಾಲ್‌ನ ಹಳೆಯ ಗುಣ. ಜೊತೆಗೆ ವಾಸನೆಯಿಂದಲೇ ಯಾವ ಭಾಗದಲ್ಲಿ ಮುಲಾಮಿದೆ ಎಂದು ನನಗೆ ತಿಳಿಯುತ್ತಿತ್ತು. ಆದ್ದರಿಂದ ಆ ಮೂರು ಅಂಕಗಳಲ್ಲಿ ಸಿಬಿಡಿಯ ಪಾಲು ಎಷ್ಟು, ಮೆಂಥಾಲ್‌ನ ಪಾಲು ಎಷ್ಟು ಎಂದು ಈ ಡಬ್ಬಿಯಿಂದ ಬಿಡಿಸಿ ಹೇಳಲಾಗದು. ಮೆಂಥಾಲ್ ಸೇರಿಸದ ಮುಲಾಮು ಸಿಕ್ಕರೆ ಅದನ್ನೇ ಆರಿಸಿ.

ಗುರುತಿನ ವಿಷಯಕ್ಕೆ ಬಂದರೆ, ಫೋಟೊಗಳನ್ನು ಸಾಲಾಗಿ ಜೋಡಿಸಿ ನೋಡಿದಾಗ ಮುಲಾಮಿನ ಭಾಗಕ್ಕೂ ಎಣ್ಣೆಯ ಭಾಗಕ್ಕೂ ಗೆರೆ ಎಳೆಯಲು ಮನೆಯಲ್ಲಿ ಯಾರಿಂದಲೂ ಆಗಲಿಲ್ಲ. ಎರಡೂ ಒಂದೇ ವೇಗದಲ್ಲಿ ಮೆತ್ತಗಾದವು. ಕೆಂಗಂದು ಹೋಗಿ ಎರಡೂ ಕಡೆ ಮಸುಕು ಕಂದು ಬಂತು. ಚರ್ಮವೈದ್ಯರು ಕಣ್ಣು ಮುಚ್ಚಿ, ಬೆರಳಾಡಿಸಿ ನೋಡಿದರು: ಕೆಳಗಿನ ಸಿಲಿಕೋನ್ ಭಾಗದಲ್ಲಿ ಬೆರಳು ಗುರುತಿನ ಮೇಲಿದೆಯೇ ಪಕ್ಕದ ಚರ್ಮದ ಮೇಲಿದೆಯೇ ಎಂದು ಸರಿಯಾಗಿ ತಿಳಿಯುತ್ತಿರಲಿಲ್ಲ, ಮೇಲಿನ ಎರಡರಲ್ಲೂ ಸಣ್ಣ ದಿಣ್ಣೆ ಇನ್ನೂ ಸಿಗುತ್ತಿತ್ತು. ಕೆಳಭಾಗದಲ್ಲಿ ಎಳೆತ ಕಡಿಮೆ ಎಂಬುದೂ ಇದಕ್ಕೆ ಒಂದು ಕಾರಣ ಇರಬಹುದು. ಆದರೆ ಉಬ್ಬು ಗುರುತಿಗೆ ಮೊದಲ ಆಯ್ಕೆಯಾಗಿ ವೈದ್ಯರು ಸಿಲಿಕೋನನ್ನು ಹೇಳುತ್ತಾ ಬಂದಿರುವುದಕ್ಕೆ ವರ್ಷಗಳ ಅನುಭವ ಬೆನ್ನಿಗಿದೆ. ಅದು ಚರ್ಮದ ತೇವ ಆರದಂತೆ ಮುಚ್ಚಿಟ್ಟು, ಅತಿಯಾಗಿ ಕಾಲಜನ್ ಹೆಣೆಯುವ ಕೋಶಗಳನ್ನು ತಣ್ಣಗಾಗಿಸುತ್ತದೆ.

ಸಿಬಿಡಿಯ ಪರವಾಗಿ ಎತ್ತಿ ತೋರಿಸುವ ಅಧ್ಯಯನವನ್ನು ನಾನೂ ಓದಿದೆ. 2019ರಲ್ಲಿ ಇಟಲಿಯಲ್ಲಿ ನಡೆದದ್ದು. ಒಟ್ಟು 20 ರೋಗಿಗಳು, ಅವರಲ್ಲಿ ಗುರುತಿನ ತೊಂದರೆ ಇದ್ದವರು 10 ಮಂದಿ, ಉಳಿದವರಿಗೆ ಸೋರಿಯಾಸಿಸ್ ಮತ್ತು ಎಕ್ಸಿಮಾ. ದಿನಕ್ಕೆರಡು ಸಲ, ಮೂರು ತಿಂಗಳು ಮುಲಾಮು ಹಚ್ಚಿದರು, ಚರ್ಮದ ತೇವ ಮತ್ತು ಹಿಗ್ಗುವ ಗುಣ ಸುಧಾರಿಸಿತು. ಹೋಲಿಸಿ ನೋಡಲು ಸಿಬಿಡಿ ಇಲ್ಲದ ಮುಲಾಮು ಹಚ್ಚಿದ ಗುಂಪು ಅಲ್ಲಿರಲಿಲ್ಲ. ನನ್ನ ತೋಳಿನ ನಡುವಿನ ಭಾಗ ಉತ್ತರಿಸಿದ ಪ್ರಶ್ನೆಯನ್ನು ಆ ಅಧ್ಯಯನ ಕೇಳಿಯೇ ಇಲ್ಲ. ಸಿಬಿಡಿಗೆ ಉರಿಯೂತ ಇಳಿಸುವ ಶಕ್ತಿ ಇದೆಯೆಂಬುದು ಪ್ರಯೋಗಾಲಯದಲ್ಲಿ ಕಂಡ ಮಾತು, ನಿಜ. ಆದರೆ ಎಣ್ಣೆಗೆ ಒಲಿಯುವ ಈ ವಸ್ತು ಹೆಚ್ಚಾಗಿ ಚರ್ಮದ ಹೊರಪದರದಲ್ಲೇ ತಂಗುತ್ತದೆ. ಗುರುತು ಹೆಣೆಯುವ ಕೋಶಗಳಿರುವುದು ಅದರ ಕೆಳಗೆ.

ಡಬ್ಬಿಯ ಮೇಲೆ ಬರೆದಷ್ಟು ಒಳಗಿದೆಯೇ ಎಂಬುದು ಬೇರೆ ಪ್ರಶ್ನೆ. ಅಮೆರಿಕದಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಸಂಶೋಧಕರು 105 ಸಿಬಿಡಿ ಲೇಪನಗಳನ್ನು ಪರೀಕ್ಷಿಸಿ 2022ರಲ್ಲಿ ಪ್ರಕಟಿಸಿದರು. ಪ್ರಮಾಣ ನಮೂದಿಸಿದ್ದವುಗಳಲ್ಲಿ ಶೇ 24ರಷ್ಟು ಮಾತ್ರ ಲೇಬಲ್‌ಗೆ ತಕ್ಕಂತಿದ್ದವು. ಒಟ್ಟು ಲೇಪನಗಳಲ್ಲಿ ಶೇ 35ರಷ್ಟರಲ್ಲಿ ಟಿಎಚ್‌ಸಿ ಸಿಕ್ಕಿತು. ನನ್ನ ಕಂಪನಿಯಿಂದ ನನ್ನ ಡಬ್ಬಿಯ ಬ್ಯಾಚಿನ ಪ್ರಯೋಗಾಲಯ ವರದಿ ಕೇಳಿದಾಗ ಹಳೆಯ ಬ್ಯಾಚೊಂದರ ವರದಿ ಬಂತು. ಮತ್ತೆ ಕೇಳಿದ್ದಕ್ಕೆ ಉತ್ತರವಿಲ್ಲ. ಸಾವಿರಕ್ಕೂ ಹೆಚ್ಚು ರೂಪಾಯಿ ಕೊಟ್ಟ ಗ್ರಾಹಕಿಗೆ ಇಷ್ಟು ಮಾಹಿತಿ ಸಲ್ಲಬೇಕು.

ದಿನಬಳಕೆಯ ತೊಂದರೆಗಳೂ ಇವೆ. ಮುಲಾಮು ಹತ್ತಿಬಟ್ಟೆಯ ರವಿಕೆಗೆ ಹಸಿರು ಮಿಶ್ರಿತ ಜಿಡ್ಡು ಕಲೆ ಹತ್ತಿಸುತ್ತದೆ. ಏಪ್ರಿಲ್ ಸೆಕೆಯಲ್ಲಿ ಕರಗಿ ಮುಚ್ಚಳದಿಂದ ಸೋರಿತು. ಸಿಲಿಕೋನ್ ಜೆಲ್ ತೆಳ್ಳಗೆ ಹಚ್ಚಿ ಕೆಲವು ನಿಮಿಷ ಆರಲು ಬಿಟ್ಟರೆ ಬಟ್ಟೆಗೆ ಅಂಟುವುದಿಲ್ಲ, ಮೇಲೆ ಸನ್‌ಸ್ಕ್ರೀನ್ ಕೂಡ ಹಚ್ಚಬಹುದು. ಹೊಸ ಗುರುತಿಗೆ ಬಿಸಿಲು ಬಿದ್ದರೆ ಕಪ್ಪಾಗಿ ನಿಲ್ಲುತ್ತದೆ, ಆದ್ದರಿಂದ ಎಸ್‌ಪಿಎಫ್ 30ಕ್ಕೆ ಕಡಿಮೆಯಿಲ್ಲದ ಸನ್‌ಸ್ಕ್ರೀನ್‌ಗೆ ಖರ್ಚು ಮಾಡುವುದು ಸಾರ್ಥಕ.

ಸಿಸೇರಿಯನ್ ಆದ ನನ್ನ ನಾದಿನಿ, "ಅತ್ತಿಗೆ, ಉಳಿದದ್ದನ್ನು ನನಗೆ ಕೊಡಿ" ಎಂದಳು. ಕೊಡಲಿಲ್ಲ. ಮಗುವಿಗೆ ಹಾಲುಣಿಸುತ್ತಿದ್ದಾಳೆ, ಗರ್ಭಿಣಿಯರು ಮತ್ತು ಹಾಲುಣಿಸುವ ತಾಯಂದಿರು ಸಿಬಿಡಿ ಬಳಸಬಾರದೆಂದು ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಬಲವಾಗಿ ಎಚ್ಚರಿಸಿದೆ. ಅವಳಿಗೆ ಸಿಲಿಕೋನ್ ಪಟ್ಟಿ ತಂದುಕೊಟ್ಟೆ. ವಿದೇಶಕ್ಕೆ ಹೊರಟವರು, ಅದರಲ್ಲೂ ಸಿಂಗಪುರದ ಕಡೆಗೆ, ಔಷಧ ಚೀಟಿ ಇದ್ದರೂ ಈ ಡಬ್ಬಿಯನ್ನು ಪೆಟ್ಟಿಗೆಗೆ ಹಾಕಬೇಡಿ. ಇನ್ನು ಗುರುತು ಗಾಯದ ಗಡಿ ದಾಟಿ ಬೆಳೆಯುತ್ತಿದ್ದರೆ ಮುಲಾಮು, ಎಣ್ಣೆ ಎಂದು ತಿಂಗಳು ಕಳೆಯದೆ ಚರ್ಮವೈದ್ಯರ ಬಳಿ ಹೋಗಿ. ಕೀಲಾಯ್ಡ್‌ಗೆ ಟ್ರಯಾಮ್ಸಿನೊಲೋನ್ ಎಂಬ ಸ್ಟೀರಾಯ್ಡ್ ಚುಚ್ಚುಮದ್ದು ಇದೆ, ಅದನ್ನು ಗುರುತು ಚಿಕ್ಕದಿರುವಾಗಲೇ ಶುರುಮಾಡಿಸುವುದು ಒಳ್ಳೆಯದು.