ಡೊಂಬಿವಲಿಯ ನಮ್ಮ ಹಲ್ಲಿನ ಡಾಕ್ಟರು: 2018ರಿಂದ ಇಲ್ಲಿವರೆಗೆ

ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ, ನಮ್ಮ ಬಿಲ್ಡಿಂಗಿನಿಂದ ಎರಡು ಗಲ್ಲಿ ಆಚೆ ಇರುವ ಚಿಕ್ಕ ಕ್ಲಿನಿಕ್ಕು. 2018ರಿಂದ ನಾನು, ಹೆಂಡತಿ, ಅಮ್ಮ, ಈಗ ಮಗಳೂ ಇಲ್ಲಿಗೇ ಹೋಗುತ್ತೇವೆ.

ಅದಕ್ಕೂ ಮೊದಲು ಸ್ಟೇಷನ್ ಹತ್ತಿರ ಇನ್ನೊಂದು ಕಡೆ ಹೋಗಿದ್ದೆವು. ಏಸಿ, ಸೋಫಾ ಎಲ್ಲಾ ಇತ್ತು. ಅಮ್ಮನಿಗೆ ಕನ್ನಡ ಬಿಟ್ಟು ಬೇರೆ ಬರುವುದಿಲ್ಲ. "ತಣ್ಣೀರು ತಾಗಿದ್ರೆ ಜುಮ್ ಅನ್ನುತ್ತೆ ಕಣೋ" ಅಂದರು, ನಾನು ಹಿಂದಿಯಲ್ಲಿ ಬರೀ "ದರ್ದ್ ಹೈ" ಅಂದೆ. ಎಕ್ಸ್‌ರೇ ಕೂಡ ತೆಗೆಯದೆ ರೂಟ್ ಕೆನಾಲ್ (ಹಲ್ಲಿನೊಳಗಿನ ನರ ತೆಗೆದು ತುಂಬುವುದು), ಕ್ಯಾಪ್ ಎಂದು ಎಸ್ಟಿಮೇಟ್ ಕೈಗಿಟ್ಟರು.

ಆಮೇಲೆ ಅಮ್ಮನನ್ನು ಈ ಕ್ಲಿನಿಕ್ಕಿಗೆ ಕರೆತಂದೆ. ಇಲ್ಲಿನ ಡಾಕ್ಟರು ಸೊಲ್ಲಾಪುರದವರು. ಮನೆಮಾತು ಮರಾಠಿ, ಆದರೂ ಕನ್ನಡ ಬರುತ್ತೆ. ನನ್ನನ್ನು ಬಿಟ್ಟು ಅಮ್ಮನ ಕಡೆಗೇ ತಿರುಗಿ ಕೂತರು. "ಜುಮ್ ಅನ್ನೋದು ಎಷ್ಟು ಹೊತ್ತು ಇರುತ್ತೆ? ರಾತ್ರಿ ಎಚ್ಚರ ಆಗುತ್ತಾ?"

"ಇಲ್ಲಮ್ಮ, ನೀರು ನುಂಗಿದ ಮೇಲೆ ಹೋಗ್ಬಿಡುತ್ತೆ."

ಆಮೇಲೆ ಎಕ್ಸ್‌ರೇ ತೆಗೆದು ಸ್ಕ್ರೀನ್ ಮೇಲೆ ತೋರಿಸಿದರು. ಹುಳುಕು ನರದವರೆಗೆ ಹೋಗಿರಲಿಲ್ಲ. ತಣ್ಣನೆಯದು ತಾಗಿ ಕೂಡಲೇ ನಿಂತರೆ ನರ ಸಾಮಾನ್ಯವಾಗಿ ಚೇತರಿಸಿಕೊಳ್ಳುತ್ತೆ, ನೋವು ಬಹಳ ಹೊತ್ತು ಮಿಡಿಯುತ್ತಿದ್ದರೆ, ತಾನಾಗೇ ಬಂದು ನಿದ್ದೆ ಕೆಡಿಸಿದರೆ ರೂಟ್ ಕೆನಾಲ್ ಬೇಕಾಗಬಹುದು ಎಂದು ಬಿಡಿಸಿ ಹೇಳಿದರು. ಬರೀ ಫಿಲ್ಲಿಂಗಿನಲ್ಲಿ ಮುಗಿಯಿತು. ಅದೇ ಹಲ್ಲಿನಲ್ಲಿ ಅಮ್ಮ ಇವತ್ತಿಗೂ ಚಕ್ಕುಲಿ ತಿನ್ನುತ್ತಾರೆ.

ಹತ್ತಿರ ಇದೆಯಾ, ರೇಟು ಎಷ್ಟು ಎಂದು ಎಲ್ಲರೂ ಮೊದಲು ಕೇಳುತ್ತಾರೆ, ನಾನೂ ಕೇಳಿದ್ದೆ. ಆದರೆ ಒಬ್ಬರ ಹತ್ತಿರವೇ ವರ್ಷಗಟ್ಟಲೆ ಹೋಗುವುದು ಬೇರೆ ಕಾರಣಕ್ಕೆ ಅಲ್ವಾ? 2021ರಲ್ಲಿ ನನಗೇ ರೂಟ್ ಕೆನಾಲ್ ಆಯಿತು. "ನೋವಾದ್ರೆ ಎಡಗೈ ಎತ್ತಿ" ಅಂದರು. ಎತ್ತಿದೆ, ಡ್ರಿಲ್ ಆ ಕ್ಷಣವೇ ನಿಂತಿತು. ಇನ್ನೊಂದು ಸೂಜಿ ಕೊಟ್ಟು, ಮರಗಟ್ಟುವವರೆಗೆ ಕಾದರು. ಉಪಕರಣಗಳ ಪೌಚನ್ನು ನಮ್ಮೆದುರೇ ಹರಿಯುತ್ತಾರೆ, ಆಟೋಕ್ಲೇವ್ (ಬಿಸಿ ಹಬೆಯಲ್ಲಿ ಕ್ರಿಮಿಶುದ್ಧಿ) ಆಗಿದ್ದರೆ ಅದರ ಮೇಲಿನ ಗುರುತು ಬಣ್ಣ ಬದಲಾಗಿರುತ್ತೆ, ನೀವೂ ನೋಡಿಕೊಳ್ಳಿ.

ಕೊರತೆ ಇಲ್ಲ ಅಂತಲ್ಲ. ಮೊದಲ ಮಹಡಿ, ಲಿಫ್ಟ್ ಇಲ್ಲ. ಸಂಜೆ ಏಳರ ಅಪಾಯಿಂಟ್‌ಮೆಂಟ್ ಏಳೂಮುಕ್ಕಾಲು ಆಗುತ್ತೆ. ರೇಟು ತೀರಾ ಕಮ್ಮಿಯೂ ಅಲ್ಲ. ಖರ್ಚೇ ದೊಡ್ಡ ಚಿಂತೆಯಾದರೆ ಮುಂಬೈ ಸೆಂಟ್ರಲ್‌ನ ನಾಯರ್ ಡೆಂಟಲ್ ಕಾಲೇಜು ಇದೆ, ಸಿಎಸ್‌ಎಂಟಿ ಸ್ಟೇಷನ್ ಹತ್ತಿರ ಸರ್ಕಾರಿ ಡೆಂಟಲ್ ಕಾಲೇಜು ಇದೆ. ಅಲ್ಲಿ ವಿದ್ಯಾರ್ಥಿಗಳೂ ಕೆಲಸ ಮಾಡುತ್ತಾರೆ, ಪ್ರೊಫೆಸರುಗಳು ನೋಡಿಕೊಳ್ಳುತ್ತಾರೆ, ಆದರೆ ಸಮಯ ಜಾಸ್ತಿ ಇಟ್ಟುಕೊಂಡು ಹೋಗಬೇಕು.

ಮುಂದಿನ ವಾರ ಅಮ್ಮನ ಸ್ಕೇಲಿಂಗ್ (ಹಲ್ಲಿನ ಪಾಚಿ ತೆಗೆದು ಕ್ಲೀನ್ ಮಾಡುವುದು) ಇದೆ. ಮಂಡಿನೋವು ಎಂದು ಗೊತ್ತಿರುವುದರಿಂದ ಡಾಕ್ಟರೇ ಬೆಳಗಿನ ಮೊದಲ ಸಮಯ ಕೊಟ್ಟಿದ್ದಾರೆ. ಮೆಟ್ಟಿಲು ಹತ್ತಿಸಲು ನಾನು ಜೊತೆಗೆ ಹೋಗುತ್ತೇನೆ, ಮಾತಾಡಲು ಅಮ್ಮ ಒಬ್ಬರೇ ಸಾಕು.