ವಿಎ ಐದು ವರ್ಷ, ಐಪಿಎಸ್ ಮೂರು ವರ್ಷ: ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡವನ ಮಾತು

ನನ್ನ ಮೇಜಿನ ಮೇಲೆ ಎರಡು 27 ಇಂಚಿನ ಮಾನಿಟರ್‌ಗಳಿವೆ. ಎಡಗಡೆ ವಿಎ, ಬಲಗಡೆ ಐಪಿಎಸ್; ಎರಡೂ ಎಲ್‌ಸಿಡಿ ಪ್ಯಾನೆಲ್‌ನ ಬಗೆಗಳು. ಹಗಲು ಎಡಗಡೆಯದನ್ನು ಬೈಯುತ್ತೇನೆ, ರಾತ್ರಿ ಬಲಗಡೆಯದನ್ನು.

ಇವಕ್ಕೂ ಮೊದಲು ಟಿಎನ್ ಎಂಬ ಇನ್ನೊಂದು ಬಗೆಯ ಎಲ್‌ಸಿಡಿ ಇತ್ತು. ವೇಗಕ್ಕೇನೂ ಕೊರತೆಯಿರಲಿಲ್ಲ, ಆದರೆ ಕುರ್ಚಿಯಲ್ಲಿ ಸ್ವಲ್ಪ ಜಾರಿ ಕೂತರೂ ಬಣ್ಣ ಕೆಡುತ್ತಿತ್ತು. ಅದರ ಕಥೆ ಅಷ್ಟೇ.

ವಿಎ ಕೊಂಡದ್ದು ಕಪ್ಪಿಗಾಗಿ. ಸಾಮಾನ್ಯವಾಗಿ ವಿಎ ಕಾಂಟ್ರಾಸ್ಟ್ (ಕಪ್ಪಿಗಿಂತ ಬಿಳಿ ಎಷ್ಟು ಪಟ್ಟು ಬೆಳಗುತ್ತದೆ ಎಂಬ ಲೆಕ್ಕ) 3000:1ರ ಆಸುಪಾಸು, ಐಪಿಎಸ್‌ದು 1000:1. ಲೈಟ್ ಹಾಕಿರುವ ಕೋಣೆಯಲ್ಲಿ ಈ ವ್ಯತ್ಯಾಸ ಅಷ್ಟಾಗಿ ಕಾಣುವುದಿಲ್ಲ. ಲೈಟ್ ಆರಿಸಿ ಸಿನಿಮಾ ಹಾಕಿ ನೋಡಿ: ವಿಎಯಲ್ಲಿ ರಾತ್ರಿ ರಾತ್ರಿಯಂತೆಯೇ ಇರುತ್ತದೆ, ಐಪಿಎಸ್‌ನಲ್ಲಿ ಬೂದಿ ಬಳಿದ ಹಾಗೆ. ವೋಲ್ಟೇಜ್ ಇಲ್ಲದಾಗ ವಿಎಯ ದ್ರವ ಸ್ಫಟಿಕಗಳು ಗಾಜಿಗೆ ಲಂಬವಾಗಿ ನಿಂತು ಬೆಳಕನ್ನು ಹೆಚ್ಚು ಬಿಗಿಯಾಗಿ ತಡೆಯುವುದೇ ಇದಕ್ಕೆ ಕಾರಣ.

ಆದರೆ ಆ ಸ್ಫಟಿಕಗಳು ಕಪ್ಪಿನಿಂದ ಮೇಲೇಳಲು ಸೋಮಾರಿಗಳು. ಕಮಾಂಡ್ ಟೈಪಿಸುವ ಕಪ್ಪು ಟರ್ಮಿನಲ್ ವಿಂಡೋದಲ್ಲಿ ಬೂದು ಅಕ್ಷರಗಳನ್ನು ಸ್ಕ್ರಾಲ್ ಮಾಡಿದರೆ ಪ್ರತಿ ಸಾಲಿಗೂ ಮಸುಕಾದ ಬಾಲ. ಡಬ್ಬದ ಮೇಲೆ ರೆಸ್ಪಾನ್ಸ್ ಟೈಮ್ 1 ಎಂಎಸ್ (ಮಿಲಿಸೆಕೆಂಡ್) ಎಂದೇ ಇತ್ತು. ಅದು ಬ್ಯಾಕ್‌ಲೈಟ್ (ಪರದೆಯ ಹಿಂದಿನ ದೀಪ) ಮಿಟುಕಿಸಿ ಪಡೆದ ಎಂಪಿಆರ್‌ಟಿ, ಅಂದರೆ ಚಲಿಸುವ ಚಿತ್ರ ಕಣ್ಣಿಗೆ ಎಷ್ಟು ಮಸುಕಾಗಿ ಕಾಣುತ್ತದೆ ಎಂಬ ಲೆಕ್ಕ, ಸ್ಫಟಿಕಗಳ ವೇಗವಲ್ಲ ಎಂದು ಆಮೇಲೆ ತಿಳಿಯಿತು. ಸ್ಫಟಿಕಗಳನ್ನು ಬೇಗ ಹೊರಳಿಸುವ ಓವರ್‌ಡ್ರೈವ್ ಸೆಟ್ಟಿಂಗ್ ಏರಿಸಿದೆ, ಬಾಲ ಹೋಗಿ ಬೆಳ್ಳನೆ ನೆರಳು ಬಂತು. ಮಧ್ಯದ ಸೆಟ್ಟಿಂಗ್‌ಗೆ ಇಟ್ಟು ಸುಮ್ಮನಾದೆ.

ಹಾಗಾಗಿ ಐಪಿಎಸ್. ಅದು ಬಂದ ಮೊದಲ ರಾತ್ರಿಯೇ ಕೆಳಗಿನ ಮೂಲೆಯಲ್ಲಿ ಹಳದಿ ಹೊಳಪು ಕಂಡು, ಬ್ಯಾಕ್‌ಲೈಟ್ ಸೋರುತ್ತಿದೆ ಎಂದುಕೊಂಡು ವಾಪಸ್ ಕಳಿಸಲು ಡಬ್ಬ ಹುಡುಕಿದ್ದೆ. ತಲೆ ಪಕ್ಕಕ್ಕೆ ಸರಿಸಿದರೆ ಹೊಳಪೂ ಸರಿಯಿತು. ಸೋರಿಕೆಯಾಗಿದ್ದರೆ ಅದು ಬಹುಮಟ್ಟಿಗೆ ನಿಂತಲ್ಲೇ ನಿಲ್ಲುತ್ತದೆ. ಇದು ಐಪಿಎಸ್ ಗ್ಲೋ, ಈ ಪ್ಯಾನೆಲ್‌ನ ಹುಟ್ಟುಗುಣ. ಸ್ವಲ್ಪ ಹಿಂದೆ ಕೂತು ಬ್ರೈಟ್‌ನೆಸ್ ಇಳಿಸಿದೆ, ಈಗ ಅಷ್ಟು ಕಾಡುವುದಿಲ್ಲ. ಫೋಟೊ ತಿದ್ದುವುದು ಇದರಲ್ಲೇ. ವಿಎಯಲ್ಲಿ ನೇರ ಕೂತರೂ ಅಂಚಿನ ಗಾಢ ಬಣ್ಣಗಳು ನಡುವಿನದಕ್ಕಿಂತ ತೆಳುವಾಗುತ್ತವೆ. ಒಮ್ಮೆ ಕಣ್ಣಿಗೆ ಬಿದ್ದರೆ ಮುಗಿಯಿತು, ಮರೆಯಲಾಗದು.

ಬ್ಯಾಕ್‌ಲೈಟ್ ಇಲ್ಲದೆ ಪಿಕ್ಸೆಲ್‌ಗಳೇ ಬೆಳಗುವ ಓಎಲ್‌ಇಡಿ, ಗೆಳೆಯನದನ್ನು, ಒಂದು ತಿಂಗಳು ಬಳಸಿದೆ. ಪ್ರತಿ ಪಿಕ್ಸೆಲ್ ತಾನೇ ಆರುವುದರಿಂದ ಕಪ್ಪಿನ ವಿಷಯದಲ್ಲಿ ವಾದವೇ ಇಲ್ಲ, ಬಾಲವೂ ಇಲ್ಲ. ಆದರೆ ಸಬ್‌ಪಿಕ್ಸೆಲ್ (ಪಿಕ್ಸೆಲ್‌ನೊಳಗಿನ ಬಣ್ಣದ ಚುಕ್ಕಿ) ಜೋಡಣೆ ಬೇರೆಯಾದ್ದರಿಂದ ಅಕ್ಷರಗಳ ಅಂಚಿನಲ್ಲಿ ಬಣ್ಣದ ಎಳೆ ಕಾಣುತ್ತಿತ್ತು. ಬರ್ನ್-ಇನ್ (ಕದಲದ ಚಿತ್ರ ಪರದೆಯಲ್ಲಿ ಅಚ್ಚೊತ್ತುವುದು) ಭಯಕ್ಕೆ ಟಾಸ್ಕ್‌ಬಾರ್ ಅಡಗಿಸಿದ್ದೆ. ದಿನಕ್ಕೆ ಎಂಟು ಗಂಟೆ ಅದೇ ಎಡಿಟರ್ ತೆರೆದಿಡುವ ನನಗೆ ಅದು ಕೆಲಸಕ್ಕಿಂತ ಕಾವಲಿನಂತಾಯಿತು. ಗೇಮ್‌ಗೇ ಮೀಸಲಿಡುವವರು ಧೈರ್ಯವಾಗಿ ಕೊಳ್ಳಬಹುದು.

ಸದ್ಯಕ್ಕೆ ಎಡಿಟರ್ ಬಲಗಡೆ, ಸಿನಿಮಾ ಎಡಗಡೆ. ಟರ್ಮಿನಲ್‌ಗೆ ಮಾತ್ರ ಬಿಳಿ ಹಿನ್ನೆಲೆ ಹಾಕಿಕೊಂಡಿದ್ದೇನೆ.