ಕುದುರೆಮುಖ, ನೇತ್ರಾವತಿ, ಕುರಿಂಜಾಲ್: ಯಾವುದನ್ನು ಹತ್ತುವುದು?

ಎತ್ತರ ನೋಡಿ ಶಿಖರ ಆರಿಸಿಕೊಳ್ಳುವವರೇ ಹೆಚ್ಚು. ಕುದುರೆಮುಖ ರಾಷ್ಟ್ರೀಯ ಉದ್ಯಾನದ ಈ ಮೂರನ್ನೂ ಹತ್ತಿಳಿದ ಮೇಲೆ ನಾನು ಮೊದಲು ನೋಡುವುದು ಕ್ಯಾಲೆಂಡರನ್ನು. ವರ್ಷಕ್ಕೆ ಸುಮಾರು 7,000 ಮಿಲಿಮೀಟರ್ ಮಳೆ ಸುರಿಯುವ ಜಾಗವಿದು. ತುದಿ ತಲುಪಿದಾಗ ಎದುರಿಗೆ ಕಣಿವೆ ಇರುತ್ತದೋ ಬರೀ ಮಂಜು ಇರುತ್ತದೋ ಎಂಬುದನ್ನು ನಿರ್ಧರಿಸುವುದು ತಿಂಗಳೇ.

ಕುದುರೆಮುಖ ಶಿಖರ 1,890 ಮೀಟರಿನ ಆಸುಪಾಸಿನಲ್ಲಿದೆ. ಬಾಳೆಕಲ್ಲಿನಿಂದ ಮುಳ್ಳೋಡಿಯವರೆಗೆ ಜೀಪು, ಅಲ್ಲಿಂದ ಹೋಗಿ ಬರಲು ಇಪ್ಪತ್ತು ಕಿಲೋಮೀಟರಿಗೆ ಸ್ವಲ್ಪ ಕಡಿಮೆ ನಡಿಗೆ. ಜೀಪಿನಲ್ಲಿ ಮೂಳೆಗಳೆಲ್ಲ ಜಾಗ ಬದಲಿಸಿದಂತಾದರೂ ನಡಿಗೆ ಮಾತ್ರ ಧಾರಾಳಿ: ತೊರೆ ದಾಟುತ್ತೀರಿ, ಶೋಲಾ ಕಾಡಿನ ಕತ್ತಲಿಗೆ ಇಳಿಯುತ್ತೀರಿ, ಮತ್ತೆ ಹುಲ್ಲಿನ ಇಳಿಜಾರಿಗೆ ಬೀಳುತ್ತೀರಿ. ನೀರು, ತೇವದ ಮಣ್ಣು ನಿಲ್ಲುವ ಬೆಟ್ಟದ ಮಡಿಕೆಗಳಲ್ಲಿ ಮಾತ್ರ ಕಾಡು; ಗಾಳಿ ಹೊಡೆಯುವ ಏಣುಗಳಲ್ಲಿ ಬರೀ ಹುಲ್ಲು. ಒಂಟಿಮರದ ಬಳಿ ಎಲ್ಲರೂ ಚೀಲ ಇಳಿಸುತ್ತಾರೆ. ನಿಜವಾದ ಏರು ಶುರುವಾಗುವುದೇ ಅದರ ನಂತರ ಎಂಬುದನ್ನು ಮಾರ್ಗದರ್ಶಿ ಅಲ್ಲಿಯವರೆಗೆ ಬಾಯಿ ಬಿಡುವುದಿಲ್ಲ. ಅಂದ ಹಾಗೆ, ಶಿಖರದ ಮೇಲೆ ನಿಂತವರಿಗೆ ಕುದುರೆಯ ಮುಖ ಕಾಣುವುದಿಲ್ಲ. ಅದಕ್ಕೆ ಕೆಳಗೇ ಇರಬೇಕು.

ಈ ದಾರಿಯ ದೊಡ್ಡ ಗುಣವೆಂದರೆ, ತುದಿ ಮಂಜಿನಲ್ಲಿ ಮುಳುಗಿದ್ದರೂ ದಿನ ದಂಡವಾಗುವುದಿಲ್ಲ. ಆದರೆ ಇಳಿಯುವಾಗ ಮಂಡಿ ಲೆಕ್ಕ ಕೇಳುತ್ತದೆ. ಜೂನ್-ಜುಲೈಯಲ್ಲಿ ತೊರೆಗಳು ಉಕ್ಕಿ ಮೇಲೆ ಬಿಡದೆ ವಾಪಸು ಕಳಿಸುವುದೂ ಉಂಟು. ನನ್ನ ಮಟ್ಟಿಗೆ ಅಕ್ಟೋಬರ್, ನವೆಂಬರ್ ಇದಕ್ಕೆ ಹೇಳಿ ಮಾಡಿಸಿದ ತಿಂಗಳುಗಳು. ಹುಲ್ಲು ಇನ್ನೂ ಹಸಿರಿರುತ್ತದೆ, ಆಕಾಶ ತೊಳೆದಿರುತ್ತದೆ.

ನೇತ್ರಾವತಿ ಶಿಖರಕ್ಕೆ ಸಂಸೆಯ ಕಡೆಯಿಂದ ಹೋಗುವುದು. ಎತ್ತರ ಸುಮಾರು 1,520 ಮೀಟರ್, ನಡಿಗೆಯೂ ಗಿಡ್ಡ. ಮೊದಲ ಸಲ ಬೆಟ್ಟ ಹತ್ತುವವರನ್ನು ಎಲ್ಲರೂ ಇಲ್ಲಿಗೇ ಕಳಿಸುತ್ತಾರೆ, ಅದು ತಪ್ಪೇನಲ್ಲ. ಕೊನೆಯಲ್ಲಿ ಏಣಿನ ಮೇಲೆ ನಡೆಯುತ್ತ ಒಂದು ಬದಿಗೆ ನೆಲವೇ ಕಡಿದುಹೋಗಿ ದಕ್ಷಿಣ ಕನ್ನಡದ ಕಾಡು ತೆರೆದುಕೊಳ್ಳುತ್ತದಲ್ಲ, ಆ ಹತ್ತು ನಿಮಿಷ ಮೂರೂ ಶಿಖರಗಳಲ್ಲಿ ನನಗೆ ಅತಿ ಇಷ್ಟವಾದದ್ದು. ತೊಂದರೆ ಏನೆಂದರೆ, ಈ ಚಾರಣದ ಬಂಡವಾಳವೆಲ್ಲ ಆ ನೋಟವೇ. ಆಗಸ್ಟಿನಲ್ಲಿ ಹೋದಾಗ ಬಿಳಿ ಗೋಡೆಯೊಂದನ್ನು ಮನಸಾರೆ ನೋಡಿ ಬಂದೆ. ಭಾನುವಾರವಾದರೆ ತುದಿಯ ಬಂಡೆಯ ಮೇಲೆ ಫೋಟೊಕ್ಕೆ ಸರದಿ ನಿಲ್ಲಬೇಕು. ಜೊತೆಗೆ ಯಾರದೋ ಚೀಲದಲ್ಲಿ ಸ್ಪೀಕರ್ ಹಾಡುತ್ತಿರುತ್ತದೆ.

ಕುರಿಂಜಾಲ್ ಹೆಸರು ಕೇಳಿದವರು ಕಡಿಮೆ. ಕಳಸದಿಂದ ಕುದುರೆಮುಖ ಪಟ್ಟಣ ದಾಟಿ ಭಗವತಿ ಪ್ರಕೃತಿ ಶಿಬಿರದ ಕಡೆಗೆ ಹೋಗಬೇಕು. 2005ರ ಕೊನೆಯಲ್ಲಿ ಸುಪ್ರೀಂ ಕೋರ್ಟ್ ಆದೇಶದಂತೆ ಕಬ್ಬಿಣದ ಅದಿರಿನ ಗಣಿ ನಿಂತ ಮೇಲೆ ಬರಿದಾದ ಊರು ಆ ಪಟ್ಟಣ. ಸಾಲು ಸಾಲು ಕ್ವಾರ್ಟರ್ಸ್ ಇವೆ, ಜನರಿಲ್ಲ. ಉದ್ಯಾನ ಘೋಷಣೆಯಾದದ್ದು 1987ರಲ್ಲಿ. ಅಂದರೆ ಹದಿನೆಂಟು ವರ್ಷ ಗಣಿಯೂ ಉದ್ಯಾನವೂ ಒಂದೇ ಬೆಟ್ಟಸಾಲಿನಲ್ಲಿ ಸಂಸಾರ ಮಾಡಿದವು.

ಇಲ್ಲಿನ ದಾರಿ ಬಹುಪಾಲು ಹಳೆಯ ಜೀಪು ರಸ್ತೆ. ಏರು ನಿಧಾನ, ತಲೆಯ ಮೇಲೆ ಮರದ ಚಪ್ಪರ. ಹುಲ್ಲು, ಬಂಡೆ ಸಿಗುವುದು ಕಟ್ಟಕಡೆಗೆ. ಆದ್ದರಿಂದ ಮಳೆಗಾಲದಲ್ಲಿ ಇದು ಉಳಿದೆರಡನ್ನೂ ಮೀರಿಸುತ್ತದೆ: ಕಾಡಿಗೆ ಮಂಜು ಬಂದರೆ ಕಾಡು ಇನ್ನೂ ಚೆಂದ. ಸಿಂಗಳೀಕಗಳಿರುವ ಕಾಡಾದರೂ ನನಗೆ ದರ್ಶನ ಕೊಟ್ಟಿಲ್ಲ. ಮಲಬಾರ್ ಅಳಿಲು ಮಾತ್ರ ಒಂದು ಕೊಂಬೆಯಿಂದ ಇನ್ನೊಂದಕ್ಕೆ ಹಾರಿ, ಬಾಲ ಇಳಿಬಿಟ್ಟು, ನಾವು ದಾಟುವವರೆಗೂ ಕದಲದೆ ಕೂತಿತ್ತು. ರಕ್ತ ಹೀರುವ ಉಂಬಳ ಮಾತ್ರ ಇಲ್ಲಿ ವಿಪರೀತ. ಒದ್ದೆ ಎಲೆಯ ತುದಿಯಲ್ಲಿ ದಾರದಂತೆ ನಿಂತು ತಲೆಯಾಡಿಸುತ್ತಿರುತ್ತವೆ. ಕಾಲುಚೀಲಕ್ಕೆ ಹೊಗೆಸೊಪ್ಪಿನ ನೀರು ಸವರಿಕೊಂಡೆ, ಒಂದು ಗಂಟೆ ಕೆಲಸ ಮಾಡಿತು. ಆಮೇಲೆ ಉಪ್ಪಿನ ಪೊಟ್ಟಣವೇ ಗತಿ. ನೋಟಕ್ಕಾಗಿ ಬೆಟ್ಟ ಹತ್ತುವವರಿಗೆ ಕುರಿಂಜಾಲ್ ಸಪ್ಪೆ ಅನ್ನಿಸೀತು, ಅದನ್ನು ಒಪ್ಪುತ್ತೇನೆ.

ಅನುಮತಿಯ ವಿಷಯಕ್ಕೆ ಬಂದರೆ ಮೂರಕ್ಕೂ ಒಂದೇ ಗೋಳು. ಅರಣ್ಯ ಇಲಾಖೆಯ ಜಾಲತಾಣದಲ್ಲಿ ಮುಂಗಡ ಕಾಯ್ದಿರಿಸಬೇಕು, ದಿನಕ್ಕೆ ಇಂತಿಷ್ಟೇ ಜನ, ಮೇಲೆ ಡೇರೆ ಹಾಕುವಂತಿಲ್ಲ. ಬೇಸಿಗೆಯಲ್ಲಿ ಕಾಳ್ಗಿಚ್ಚಿನ ಭಯಕ್ಕೆ ದಾರಿಗಳನ್ನೇ ಮುಚ್ಚುವುದುಂಟು. ವಾರಾಂತ್ಯಗಳಲ್ಲಿ ಮೊದಲು ಭರ್ತಿಯಾಗುವುದು ಕುದುರೆಮುಖ, ನೇತ್ರಾವತಿ.

ಒಂದೇ ಸಲ ಹೋಗುವ ಅವಕಾಶವಿದ್ದು ಮಂಡಿ ಗಟ್ಟಿಯಿದ್ದರೆ ಅಕ್ಟೋಬರಿನಲ್ಲಿ ಕುದುರೆಮುಖಕ್ಕೆ ಹೋಗಿ. ಮಕ್ಕಳು ಜೊತೆಗಿದ್ದರೆ ಡಿಸೆಂಬರಿನ ನೇತ್ರಾವತಿ, ಅದೂ ವಾರದ ನಡುವೆ. ಮಳೆಯಲ್ಲೇ ನಡೆಯಬೇಕೆಂಬ ಹಟವಿದ್ದರೆ ಕುರಿಂಜಾಲ್. ಉಪ್ಪನ್ನು ಮಾತ್ರ ಕಾಲು ಕಿಲೋಗಿಂತ ಕಡಿಮೆ ಕಟ್ಟಿಕೊಳ್ಳಬೇಡಿ.